ಎಡಗೈಯ ಕಮಾನು

ಮಾರ್ಚ್ ೯
ಬೆಳಗಿನ ಪ್ರಾರ್ಥನೆಯ ಬಳಿಕ

ನನ್ನ ಬೆನ್ನಿಗೇ ಹುಟ್ಟಿ ನನ್ನ ಪಕ್ಕದಲ್ಲೇ ಕುಳಿತು ಬೆಳೆದ ತಮ್ಮನಿಗೆ,

ಭಗವಂತನು ನಿನ್ನನ್ನು ನೆಮ್ಮದಿಯಲ್ಲಿಟ್ಟಿರಲಿ. ಮಗಳು, ಅಳಿಯ, ಮೊಮ್ಮಕ್ಕಳು ಕ್ಷೇಮದಿಂದಿದ್ದಾರೆಂದು ನಂಬಿದ್ದೇನೆ. ಚಳಿಗಾಲದ ಮೊದಲಲ್ಲಿ ಬಂದ ನಿನ್ನ ಪತ್ರಕ್ಕೆ ಚಳಿಯೆಲ್ಲ ಕಳೆದ ಮೇಲೆ ಉತ್ತರಿಸುತ್ತಿದ್ದೇನೆ, ಮನ್ನಿಸು. ಇದಕ್ಕೆ ಕಾರಣ ನನ್ನ ಆಲಸ್ಯವಲ್ಲ. ಪಾರ್ಶ್ವವಾಯು ನಿನ್ನ ಬಲಗೈಯನ್ನು ಕಸಿದುಕೊಂಡ ಮೇಲೆ, ಮಗಳ ಮನೆಗೆಂದು ಹೊರಟ ದಿನ, ಕಾರಿನ ಬಾಗಿಲನ್ನು ಹಿಡಿದು ನಿಂತು ನೀನು ಒಂದು ಮಾತು ಹೇಳಿದ್ದೆ: “ಅಣ್ಣಾ, ಇನ್ಮೇಲೆ ನನ್ನ ಮುಂದೆ ಪಿಟೀಲಿನ ಮಾತು ಬೇಡ. ಕಾಗದದಲ್ಲೂ ಬೇಡ. ಅದರ ಸದ್ದಂತೂ ಬೇಡವೇ ಬೇಡ.” ಆ ಮಾತಿಗೆ ನಾನು ಕಟ್ಟುಬಿದ್ದೆ. ಆದರೆ ಜೀವಮಾನವೆಲ್ಲ ಎರಡು ಪಿಟೀಲುಗಳನ್ನು ಒಂದೇ ಉಸಿರಿನಲ್ಲಿ ನುಡಿಸಿದವರು ನಾವು. ಪಿಟೀಲನ್ನು ಬಿಟ್ಟು ಬರೆಯಹೊರಟರೆ ನನ್ನಲ್ಲಿ ಉಳಿಯುವುದು ಹವಾಮಾನ ಮತ್ತು ಮಂಡಿನೋವು. ಅವೆರಡರಿಂದ ಒಂದು ಪುಟವೂ ತುಂಬುವುದಿಲ್ಲ.

ಇಂದು ಆ ಕಟ್ಟನ್ನು ನಾನೇ ಮುರಿಯುತ್ತಿದ್ದೇನೆ. ಕೋಪ ಬಂದರೆ ಕಾಗದವನ್ನು ಇಲ್ಲಿಗೇ ಮಡಚಿಡು. ಆರಿದ ಮೇಲೆ ಮುಂದಕ್ಕೆ ಓದು. ನಿನ್ನಿಂದ ಒಂದು ಉಪಕಾರವನ್ನು ಬೇಡುವುದಿದೆ.

ಮೊದಲು ಸುದ್ದಿ. ನೀನು ಹೋದ ಮೇಲೆ ಕಚೇರಿಗಳನ್ನು ಒಪ್ಪಿಕೊಳ್ಳುವುದನ್ನು ನಿಲ್ಲಿಸಿದೆ. ಈಗ ನಾನು ಆನ್‌ಲೈನ್ ಮೇಷ್ಟ್ರು! ನಗಬೇಡ. ದೂರಪಾಠದ ಸಂಸ್ಥೆಯೊಂದು ನನ್ನನ್ನು ಹುಡುಕಿಕೊಂಡು ಬಂದು, ಮೊದಲು ಕೆಲವು ಪಾಠಗಳನ್ನು ಚಿತ್ರೀಕರಿಸಿಕೊಂಡು ಹೋಯಿತು. ಆಮೇಲೆ ಪರದೆಯಲ್ಲೇ ಮುಖಾಮುಖಿ ಪಾಠಕ್ಕೂ ಕೂರಿಸಿತು. ಮಹಡಿಯ ಮೇಲಿನ ಕಿರುಕೋಣೆಯೇ ನನ್ನ ಪಾಠಶಾಲೆ. ಕಿಟಕಿಯ ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪ್. ಅದರ ಎತ್ತರ ಸಾಲದೆ ನಿನ್ನ ಅತ್ತಿಗೆ ಕೆಳಗೆ ಒಂದು ಮರದ ಮಣೆಯನ್ನು ಕೊಟ್ಟಿದ್ದಾಳೆ. ಬೆಳಕು ಮುಖದ ಮೇಲೆ ಬೀಳಬೇಕೆಂದು ದೀಪವನ್ನು ಅಲ್ಲಿಂದಿಲ್ಲಿಗೆ ಸರಿಸಿ ಸರಿಸಿ ಅವಳಿಗೆ ಸಾಕಾಗಿ, “ಈ ವಯಸ್ಸಿನಲ್ಲಿ ನಿಮ್ಮನ್ನ ಹೀರೋ ಮಾಡೋ ಕರ್ಮ ನನಗೇ ಬರ್ಬೇಕಾಗಿತ್ತಾ!” ಎಂದಳು.

ತಮ್ಮಾ, ಈ ಪಾಠಶಾಲೆಯ ವಿಸ್ಮಯವನ್ನು ನಿನಗೆ ಹೇಗೆ ವರ್ಣಿಸಲಿ? ನಾನು ಸ್ನಾನ ಮಾಡಿ, ಕೈಮುಗಿದೆದ್ದು, ಒದ್ದೆ ತಲೆಯಲ್ಲೇ ಬಂದು ಕೂರುತ್ತೇನೆ. ಪರದೆಯನ್ನು ತೆರೆದರೆ ಒಂದು ಕಿಟಕಿಯಲ್ಲಿ ಸಂಜೆ, ಇನ್ನೊಂದರಲ್ಲಿ ಮಟಮಟ ಮಧ್ಯಾಹ್ನ, ಮಗದೊಂದರಲ್ಲಿ ಹಿಮ. ಹಲ್ಲಿನ ವೈದ್ಯನೊಬ್ಬ ರೋಗಿಯ ಕುರ್ಚಿಯಲ್ಲೇ ಒರಗಿ ಕುಳಿತು ಸ್ವರಗಳನ್ನು ಅಭ್ಯಾಸ ಮಾಡುತ್ತಾನೆ. ಅವನ ಹಿಂದೆ ಗಾಜಿನಾಚೆ ಮರದ ಎಲೆಗಳು ಉದುರುತ್ತಿರುವಾಗ ನನ್ನ ಕಿಟಕಿಯಲ್ಲಿ ಚಿಗುರು. ಒಬ್ಬನೇ ಸೂರ್ಯನು ಏಕಕಾಲದಲ್ಲಿ ಉದಯಿಸುತ್ತಲೂ ಅಸ್ತಮಿಸುತ್ತಲೂ ಇದ್ದಾನೆಂದು ಓದಿ ತಿಳಿದಿದ್ದೆ. ಕಣ್ಣಾರೆ ಕಂಡದ್ದು ಈಗಲೇ. ಪಾಠ ಮುಗಿಸಿ ಮೆಟ್ಟಿಲಿಳಿಯುವಾಗ ನಾನು ಯಾವ ಹೊತ್ತಿನೊಳಗೆ ಇಳಿಯುತ್ತಿದ್ದೇನೆಂಬುದು ಒಮ್ಮೊಮ್ಮೆ ಮರೆತುಹೋಗುತ್ತದೆ. ನೀರಿನಡಿಯಿಂದ ಎದ್ದುಬಂದವನಂತೆ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತಾ ನಿಲ್ಲುತ್ತೇನೆ.

ಈ ಎಲ್ಲ ಸೌಕರ್ಯಕ್ಕೂ ಒಂದು ಕೊರತೆಯುಂಟು. ಇಲ್ಲಿ ಎಳೆದ ಸ್ವರ ಅಲ್ಲಿಗೆ ಮುಟ್ಟಲು ಅರೆಕ್ಷಣ ಬೇಕು. ಅಲ್ಲಿಯದು ಇಲ್ಲಿಗೆ ಮರಳಲು ಇನ್ನರೆಕ್ಷಣ. ಆದ್ದರಿಂದ ಗುರುವೂ ಶಿಷ್ಯರೂ ಕೂಡಿ ನುಡಿಸಿದರೆ ಎರಡೂ ಕಡೆ ಕಲಸುಮೇಲೋಗರ. ಇದಕ್ಕೆ ನಾವು ಕಂಡುಕೊಂಡ ಉಪಾಯವಿಷ್ಟು: ಶಿಷ್ಯರ ಸದ್ದು ನನಗೆ ಬಾರದಂತೆ ಮುಚ್ಚಿಕೊಂಡು ನಾನು ಮುಂದಾಗಿ ನುಡಿಸುತ್ತಾ ಹೋಗುತ್ತೇನೆ, ಕೇಳಿಸಿದ್ದಕ್ಕೆ ಅವರು ತಮ್ಮದನ್ನು ಕೂಡಿಸುತ್ತಾರೆ. ಆಗ ಅವರ ಕೋಣೆಯಲ್ಲಿ ಇಬ್ಬರು ಒಟ್ಟಾಗಿ ನುಡಿಸುತ್ತಿರುತ್ತಾರೆ. ನನ್ನ ಕೋಣೆಯಲ್ಲಿ ನಾನೊಬ್ಬನೇ. ಜೊತೆಗೂಡುವ ಸುಖ ಒಂದೇ ತುದಿಗೆ ದಕ್ಕುತ್ತದೆ. ಗುರುವಾದವನು ಅದನ್ನು ಶಿಷ್ಯರಿಗೆ ಬಿಟ್ಟುಕೊಡಬೇಕು.

ಇನ್ನು ಉಪಕಾರದ ವಿಷಯ. ನನ್ನ ಶಿಷ್ಯೆಯರಲ್ಲಿ ಒಬ್ಬಳು ಕಡಲಾಚೆಯ ಬ್ರೆಡ್ಡಿನ ಅಂಗಡಿಯವಳು. ನಿನ್ನ ಮಗಳ ಓರಗೆಯವಳಿರಬೇಕು. ಅಂಗಡಿಯನ್ನು ಮುಚ್ಚಿ, ಒಲೆ ಆರುತ್ತಿರುವಾಗ, ಹಿಟ್ಟಿನ ಮೂಟೆಗಳ ನಡುವೆ ಕುಳಿತು ಕಲಿಯುತ್ತಾಳೆ. ನಮ್ಮ ಮಾತು ಅವಳಿಗೆ ಅಜ್ಜಿಯಿಂದ ಬಂದದ್ದು. ಕುಂಟಾಬಿಲ್ಲೆ ಆಡುವ ಮಗುವಿನ ಹಾಗೆ ಅಲ್ಲಲ್ಲಿ ಒಂಟಿಕಾಲಲ್ಲಿ ನೆಗೆಯುತ್ತಾ ಆಡುತ್ತಾಳೆ. ಅವಳು ನನ್ನಲ್ಲಿಗೆ ಬಂದದ್ದು ನಮ್ಮಿಬ್ಬರ ಹಳೆಯ ಧ್ವನಿಮುದ್ರಣವನ್ನು ಕೇಳಿ. ನಾವು ಕಟ್ಟಿದ ಆ ಬೆಳಗಿನ ಕೃತಿ ನೆನಪಿದೆಯಲ್ಲ, ನಾನು ಮೇಲೆ ಹೋದಂತೆಲ್ಲ ನೀನು ಕೆಳಗಿನ ತಂತಿಯಲ್ಲಿ ಮೆಲ್ಲನೆ ನೆಲ ಹಾಸುತ್ತಾ ಬರುವುದು? ಅದನ್ನು ನುಡಿಸಬೇಕೆಂಬುದು ಅವಳ ಹಂಬಲ. ಮೊದಲ ದಿನವೇ ಕೇಳಿದಳು: “ಗುರುಗಳೇ, ಕೆಳಗಡೆ ನುಡಿಸೋರು ಇದ್ದಾರಲ್ಲ, ಅವರು ಎಲ್ಲಿ? ನನಗೆ ಅವರೇ ಜಾಸ್ತಿ ಇಷ್ಟ.” ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. “ತಮ್ಮ. ದೂರದಲ್ಲಿದ್ದಾನೆ” ಎಂದಷ್ಟೇ ಹೇಳಿದೆ.

ಅವಳು ಪಿಟೀಲನ್ನು ಬಲಭುಜಕ್ಕೆ ಆನಿಸಿ, ಕಮಾನನ್ನು ಎಡಗೈಯಲ್ಲಿ ಹಿಡಿದಿದ್ದಳು. ಈ ಯಂತ್ರ ಬಿಂಬವನ್ನು ಎಡಬಲ ಮಾಡುತ್ತದೆಂದು ನಾನು ಕೇಳಿದ್ದೆ. ಪರದೆಯ ಮೂಲೆಯಲ್ಲಿ ನನ್ನ ಮುಖವೂ ಕನ್ನಡಿಯಲ್ಲಿ ಕಂಡಂತೆಯೇ ಕಾಣುತ್ತದೆ. ಹಾಗಾಗಿ ಅವಳದೂ ಯಂತ್ರದ ಚಮತ್ಕಾರವೆಂದುಕೊಂಡು, ಪಾಠದ ಮೇಲೆ ಪಾಠ ಹೇಳುತ್ತಾ ಹೋದೆ. ಒಂದು ಬೆಳಗ್ಗೆ ಕಾಫಿ ತಂದ ನಿನ್ನ ಅತ್ತಿಗೆ ಪರದೆಯನ್ನು ನೋಡಿ, “ರೀ, ಇವಳ್ಯಾಕೆ ಎಡಗೈಲಿ ಉಜ್ತಿದ್ದಾಳೆ?” ಎಂದಳು.

“ಅದು ಹಾಗೆ ಕಾಣುತ್ತೆ ಕಣೆ. ಯಂತ್ರ ತಿರುವುಮುರುವು ಮಾಡುತ್ತೆ.”

“ಹಾಗಾದ್ರೆ ಅವಳ ಹಿಂದಿರೋ ಮೂಟೆ ಮೇಲಿನ ಅಕ್ಷರಾನೂ ತಿರುವುಮುರುವಾಗಿರ್ಬೇಕಲ್ಲ? ನೆಟ್ಟಗೇ ಇದೆಯಲ್ರೀ!”

ನನ್ನ ಕೈಯ ಲೋಟ ಕೈಯಲ್ಲೇ ಉಳಿಯಿತು. ಕೇಳಿದರೆ, ಚಿತ್ರೀಕರಿಸಿದ ನನ್ನ ಪಾಠಗಳನ್ನು ಅವಳು ಕನ್ನಡಿಯೆದುರು ನಿಂತವರಂತೆ ಅನುಸರಿಸಿದ್ದಳು. ಪರದೆಯ ಯಾವ ಮಗ್ಗುಲಲ್ಲಿ ನನ್ನ ಕಮಾನಿತ್ತೋ ಅದೇ ಮಗ್ಗುಲಿನ ಕೈಯಲ್ಲಿ ತನ್ನದನ್ನು ಹಿಡಿದಿದ್ದಾಳೆ. ತಂತಿಗಳು ಹೊಂದಲಿಲ್ಲವೆಂದು ಅವುಗಳನ್ನೂ ಬಿಚ್ಚಿ, ಬಿರಡೆಯಿಂದ ಬಿರಡೆಗೆ ಬದಲಿಸಿ ಕಟ್ಟಿಕೊಂಡಿದ್ದಾಳೆ! ಗುರುವನ್ನು ಇಷ್ಟು ಅಕ್ಷರಶಃ ನಂಬಿದ ಇನ್ನೊಬ್ಬ ಶಿಷ್ಯೆಯನ್ನು ನಾನು ಕಂಡಿಲ್ಲ.

ಕೈ ಬದಲಿಸೆಂದೆ. ಬದಲಿಸಿ ನೋಡಿದಳು. ಸ್ವಲ್ಪ ಹೊತ್ತಿಗೆ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು, “ಹೀಗೆ ಹಿಡಿದ್ರೆ ಇದು ನನ್ನದಲ್ಲ ಅನ್ಸುತ್ತೆ. ಬೇರೆ ಯಾರದೋ ಮಗೂನ ಎತ್ಕೊಂಡ ಹಾಗೆ. ಇಲ್ಲಿಗೇ ಬಿಟ್ಬಿಡ್ಲಾ ಗುರುಗಳೇ?” ಎಂದಳು. ಬಿಡೆಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಅವಳ ಬೆರಳುಗಳಲ್ಲಿ ನಿಜವಾದ ಶ್ರುತಿಯಿದೆ. ಕಮಾನು ಮಾತ್ರ ಗರಗಸ. ಅದನ್ನು ತಿದ್ದಬೇಕಾದರೆ ಎಡಗೈಯಲ್ಲೇ ಎಳೆದು ತೋರಿಸಬೇಕು. ಕನ್ನಡಿಯ ಮುಂದೆ ನಿಂತು ನಾನೇ ಪ್ರಯತ್ನಿಸಿದೆ. ಕೆಳಗಿನಿಂದ ನಿನ್ನ ಅತ್ತಿಗೆ ಕೂಗಿದಳು: “ಯಾವ ಬೆಕ್ಕಿನ ಬಾಲ ತುಳಿದ್ರಿ?”

ನನ್ನ ಎಡಗೈಗೆ ತಂತಿಯನ್ನೊತ್ತುವುದು ಬಿಟ್ಟು ಬೇರೆ ಕಷ್ಟದ ಪರಿಚಯವಿಲ್ಲ. ಬಲಗೈ ಇರುವತನಕ ಅದು ಕಲಿಯುವುದೂ ಇಲ್ಲ. ಆದರೆ ನಿನ್ನ ಎಡಗೈಯನ್ನು ಬಲ್ಲೆ. ಈ ವರ್ಷದಲ್ಲಿ ಅದು ಗುಂಡಿ ಹಾಕುವುದನ್ನು ಕಲಿತಿದೆ, ಅನ್ನ ಕಲಸುವುದನ್ನು ಕಲಿತಿದೆ. ನಿನ್ನ ಮೊದಲ ಕಾಗದದ ಅಕ್ಷರಗಳು ಗಾಳಿಗೆ ಬಿದ್ದ ಬೇಲಿಯಂತಿದ್ದವು. ಕಳೆದ ಕಾಗದದಲ್ಲಿ ಅವು ಎದ್ದು ನಿಂತಿವೆ. ಕಮಾನಿನ ಮರ್ಮವನ್ನು ನಿನ್ನಷ್ಟು ತಿಳಿದವರು, ಎಡಗೈಗೆ ಎಲ್ಲವನ್ನೂ ಮೊದಲಿನಿಂದ ಕಲಿಸಿದವರು, ಈ ಲೋಕದಲ್ಲಿ ನಿನ್ನನ್ನು ಬಿಟ್ಟು ಯಾರಿದ್ದಾರೆ? ಒಂದು ದಿನ ಪಾಠಕ್ಕೆ ಬಾ. ನುಡಿಸೆಂದು ಕೇಳುವುದಿಲ್ಲ. ಅವಳ ಮೊಣಕೈಯನ್ನು ನೋಡಿ ಒಂದು ಮಾತು ಹೇಳಿದರೆ ಸಾಕು. ಮಾಡಬೇಕಾದದ್ದು ನಿನ್ನ ಮಗಳಿಗೆ ಗೊತ್ತು, ಲಿಂಕ್ ಕಳಿಸಿದ್ದೇನೆ.

ಅಂಗಡಿಯವಳು ಪಾಠವನ್ನು ಬಿಟ್ಟುಬಿಡುವ ಮುನ್ನ ಬಾ. ಭಗವಂತನ ಕಣ್ಣು ನಿನ್ನ ಮೇಲಿರಲಿ.

ನಿನ್ನ ಅಣ್ಣ

~

ಏಪ್ರಿಲ್ ೨೦

ತಮ್ಮಾ,

ಪರಮಾತ್ಮನು ನಿನ್ನ ದಿನಗಳನ್ನು ಬೆಳಗಲಿ. ಈ ಸಲವೂ ತಡವಾಯಿತು. ಅಂದಿನ ಪಾಠದ ಮರುದಿನದಿಂದ ಬರೆಯಲು ಕೂರುವುದು, ಕಿಟಕಿಯಾಚೆ ನೋಡುತ್ತಾ ಎದ್ದುಬಿಡುವುದು, ಇದೇ ಆಗಿದೆ. “ಅವನೇ ಇದ್ನಲ್ರೀ ಅಲ್ಲಿ! ಅವನಿಗೇ ಅವನ ಸುದ್ದಿ ಏನಂತ ಬರೀತೀರಿ?” ಎಂದು ನಿನ್ನ ಅತ್ತಿಗೆ ಹಂಗಿಸುತ್ತಾಳೆ. ಆದರೆ ನಿನ್ನ ತುದಿಯಲ್ಲಿ ನಡೆದದ್ದು ಬೇರೆ, ನನ್ನ ತುದಿಗೆ ಬಂದು ಮುಟ್ಟಿದ್ದು ಬೇರೆ. ಇಲ್ಲಿಂದ ಕಂಡದ್ದನ್ನು ನಿನಗೆ ಹೇಳುವವರು ನನ್ನ ಹೊರತು ಇಲ್ಲ.

ನನ್ನ ಕಾಗದಕ್ಕೆ ಉತ್ತರವಿಲ್ಲದೆ ವಾರಗಳು ಸಂದವು. ನಾನು ಆಸೆಯನ್ನು ಬಿಟ್ಟಿದ್ದೆ. ಅಂಗಡಿಯವಳೂ ಇದೇ ಕೊನೆಯ ಪಾಠವೆಂದು ಹೇಳಿಯೇ ಕುಳಿತಿದ್ದಳು. ಅಷ್ಟರಲ್ಲಿ ಪರದೆಯಲ್ಲಿ ಮೂರನೆಯ ಕಿಟಕಿ ತೆರೆಯಿತು. ಅದರಲ್ಲಿ ತಿರುಗುವ ಫ್ಯಾನು, ಬಿಳಿಯ ಸೂರು, ಮನುಷ್ಯರಿಲ್ಲ. ನಿನ್ನ ಮಗಳ ಪಿಸುದನಿ ಕೇಳಿಸಿತು: “ದೊಡ್ಡಪ್ಪಾ, ಅಪ್ಪ ಇಲ್ಲೇ ಇದ್ದಾರೆ. ಮುಖ ತೋರಿಸಲ್ಲ ಅಂತಿದ್ದಾರೆ.”

ನಿನ್ನ ಅತ್ತಿಗೆ ನನ್ನ ಭುಜದ ಮೇಲಿಂದ ಬಗ್ಗಿ, “ಇರ್ಲಿ ಬಿಡಮ್ಮ. ಮೈದುನ ಚೆನ್ನಾಗಿ ತಿರುಗ್ತಿದ್ದಾನೆ. ಸ್ವಲ್ಪ ಧೂಳು ಒರೆಸ್ಬೇಕು, ಅಷ್ಟೆ” ಎಂದಳು. ಫ್ಯಾನಿನ ಕಡೆಯಿಂದ ಒಂದು ಕೆಮ್ಮು ಬಂತು. ಅದು ನಗುವನ್ನು ತಡೆದ ಕೆಮ್ಮೆಂದು ನನಗೆ ತಿಳಿಯದೆ?

ಅಂಗಡಿಯವಳಿಗೆ ನುಡಿಸೆಂದು ಸನ್ನೆ ಮಾಡಿದೆ. ಅವಳು ಕಮಾನೆಳೆದಳು, ಗರಗಸ ಹರಿಯಿತು. ಎರಡನೆಯ ಸಲ ಎಳೆಯುವಷ್ಟರಲ್ಲಿ ಫ್ಯಾನು ಗಿರಕಿ ಹೊಡೆದು, ಗೋಡೆ, ಬಾಗಿಲು, ಮಂಚದ ಕಾಲು ಒಂದರ ಹಿಂದೊಂದು ಜಾರಿಹೋಗಿ, ಪರದೆಯ ತುಂಬ ನಿನ್ನ ಮುಖ ನಿಂತಿತು. ತಮ್ಮಾ, ನೀನು ಗಡ್ಡ ಬಿಟ್ಟದ್ದನ್ನು ಯಾರೂ ನನಗೆ ಹೇಳಿರಲಿಲ್ಲ. ಆ ಗಡ್ಡದೊಳಗಿಂದ ನಮ್ಮ ತಂದೆಯೇ ನೋಡಿದಂತಾಯಿತು.

“ಅಯ್ಯೋ, ತೋಳಿಂದ ಎಳೀತಿದ್ದಾಳಲ್ಲ! ಅಣ್ಣಾ, ನಿನಗೆ ಕಣ್ಣು ಕಾಣ್ಸಲ್ವಾ? ಇಷ್ಟು ದಿನ ಏನು ಪಾಠ ಹೇಳ್ದೆ?”

ಒಂದು ವರ್ಷದ ಬಳಿಕ ನಿನ್ನ ಬಾಯಿಂದ ನನಗೆ ಬಂದ ಮೊದಲ ಮಾತು ಬೈಗುಳ. ಅದನ್ನು ನಾನು ಪ್ರಸಾದವೆಂದು ತಲೆಬಾಗಿ ಸ್ವೀಕರಿಸಿದೆ.

ಆಮೇಲೆ ನೀನು ಅವಳ ಕಡೆ ತಿರುಗಿದೆ. ಅವಳಿಗೆ ಹೇಳಿದ ಮಾತನ್ನು ನೀನು ಮರೆತಿರಬಹುದು, ನಾನು ಮರೆಯಲಾರೆ. “ನೋಡಮ್ಮ, ಈ ಕೈಯಲ್ಲಿ ನಾನು ಚಮಚ ಹಿಡಿಯೋದು ಕಲಿತಿದ್ದು ಹೋದ ವರ್ಷ. ಗಟ್ಟಿಯಾಗಿ ಹಿಡಿದಷ್ಟೂ ಸಾರು ಅಂಗಿ ಮೇಲೆ. ಕೊನೆಗೆ ಸಿಟ್ಟು ಬಂದು ಹಿಡಿತ ಬಿಟ್ಟೆ ನೋಡು, ಅವತ್ತು ಸೀದಾ ಬಾಯಿಗೆ ಬಂತು. ಕಮಾನೂ ಅಷ್ಟೆ. ಅದರ ಭಾರ ಅದೇ ಹೊತ್ಕೊಳ್ಲಿ. ನೀನು ಹೊರಬೇಡ.”

ಅವಳು ತನ್ನ ಕೈಯನ್ನೇ ನೋಡಿಕೊಂಡು, “ಹಿಟ್ಟೂ ಹಾಗೇನೇ. ಬಿಗಿ ಹಿಡಿದ್ರೆ ಅಂಟ್ಕೊಳ್ಳುತ್ತೆ” ಎಂದಳು.

“ಹಾಂ! ಹಿಟ್ಟು ಗೊತ್ತಲ್ಲ ನಿನಗೆ? ಮತ್ತೆ ಈ ಪೆದ್ದಣ್ಣನ ಹತ್ರ ಏನು ಕಲೀತಿದ್ದೀಯಾ?”

ಅವಳು ಬಾಯಿಗೆ ಏಪ್ರನ್ ಅಡ್ಡ ಹಿಡಿದು ನಕ್ಕಳು. ನಿನ್ನ ಬಲಗೈ ಏಳದೆಂಬುದು ಅವಳಿಗೆ ತಿಳಿದಿರಲಿಲ್ಲ, ನಾನು ಹೇಳಿರಲಿಲ್ಲ. ಆದ್ದರಿಂದಲೇ ನಿಷ್ಕಪಟವಾಗಿ ಕೇಳಿದಳು: “ಒಂದ್ಸಲ ನೀವೇ ಎಳೆದು ತೋರಿಸ್ತೀರಾ?”

ಅವಳ ಒಲೆಯಲ್ಲಿ ಕೆಂಡ ಸಿಡಿದದ್ದು ನನಗಿಲ್ಲಿ ಕೇಳಿಸಿತು. ಪಾಠವನ್ನೇ ಮುಗಿಸಿಬಿಡೋಣವೆಂದು ಕರೆ ಕಡಿಯುವ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ನೀನು ಹಿಂದಕ್ಕೆ ತಿರುಗಿ, “ಮಗೂ, ಆ ಪೆಟ್ಟಿಗೆ ಯಾರಿಗಾದ್ರೂ ಕೊಟ್ಬಿಡು ಅಂದಿದ್ದೆನಲ್ಲ, ಕೊಟ್ಟೆಯಾ?” ಎಂದೆ.

“ಇಲ್ಲಪ್ಪ. ಮಂಚದ ಕೆಳಗಿದೆ.”

“ನನ್ನ ಮಾತು ಯಾವತ್ತು ಕೇಳಿದ್ದೀಯಾ ನೀನು? ತಾ ಇಲ್ಲಿ.”

ನಿನ್ನ ಮಗಳು ಪೆಟ್ಟಿಗೆಯನ್ನು ತೆರೆದು, ಕಮಾನಿಗೆ ರಾಳ ಉಜ್ಜಿ, ಪಿಟೀಲನ್ನು ನಿನ್ನ ಮಡಿಲಲ್ಲಿ ಅಡ್ಡಲಾಗಿ ಮಲಗಿಸಿ ಅದರ ಕೊರಳನ್ನು ಹಿಡಿದು ಕುಳಿತಳು. ನಿನ್ನ ಬಲಗೈ ಪಕ್ಕದಲ್ಲಿ ನಿದ್ದೆಹೋದ ಮಗುವಿನಂತೆ ಬಿದ್ದಿತ್ತು. ಎಡಗೈ ಕಮಾನನ್ನು ಎತ್ತಿತು. ಮೊದಲ ಎಳೆತಕ್ಕೆ ಬಂದದ್ದು ಬೆಕ್ಕು. “ಸದ್ಯ, ಅಣ್ಣತಮ್ಮಂದಿರಿಬ್ಬರೂ ಸಾಕಿರೋದು ಒಂದೇ!” ಎಂದಳು ನಿನ್ನ ಅತ್ತಿಗೆ. ನೀನು ಕೇಳಿಸಿಕೊಳ್ಳಲಿಲ್ಲ; ಕಣ್ಣು ಮುಚ್ಚಿದ್ದೆ. ಎರಡನೆಯದು ಉಸಿರು. ಮೂರನೆಯದು ಸ್ವರ. ಕೆಳಗಿನ ತಂತಿಯಿಂದ, ನೆಲದೊಳಗಿಂದಲೇ ಎಂಬಂತೆ ಎದ್ದು, ಒಂದೇ ಒಂದು ಆಧಾರಸ್ವರ ಎಲ್ಲಿಯೂ ಮುರಿಯದೆ ಬಂತು. ಎಷ್ಟು ಹೊತ್ತು ಬಂತೆಂದು ಹೇಳಲಾರೆ. ನನ್ನ ಕಿಟಕಿಯ ಬೆಳಕು, ಅವಳ ಒಲೆಯ ಕೆಂಪು, ನಿನ್ನ ಗೋಡೆಯ ಬಿಳಿ ಎಲ್ಲವೂ ಆ ಸ್ವರದ ಮೇಲೆ ದೋಣಿಗಳ ಹಾಗೆ ತೇಲುತ್ತಿದ್ದವು.

ಅಂಗಡಿಯವಳು ತಾನಾಗಿಯೇ ತನ್ನ ಕಮಾನನ್ನು ತಂತಿಯ ಮೇಲಿಳಿಸಿ ಎಳೆದಳು. ಗರಗಸ ನಿಂತಿತ್ತು. ಪಾಠವನ್ನು ಬಿಡುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲವೆಂಬುದನ್ನು ನೀನು ಗಮನಿಸಿದೆಯೋ ಇಲ್ಲವೋ.

ಆಮೇಲೆ ನೀನು ನನ್ನನ್ನು ಕರೆದೆ: “ಅಣ್ಣಾ, ಬೆಳಗಿನದು ಶುರು ಮಾಡು. ನಾನು ಕೆಳಗಡೆ ಹಿಡೀತೀನಿ. ತಂತಿ ಒತ್ತೋಕೆ ಬೆರಳಂತೂ ಇಲ್ಲ, ಒಂದೇ ಸ್ವರ.”

“ಇದರಲ್ಲಿ ಕೂಡಿಬರಲ್ಲಪ್ಪ. ತಡ ಆಗುತ್ತೆ. ನಿನಗೆಲ್ಲ ಕಲಸಿಹೋಗುತ್ತೆ.”

“ಗೊತ್ತು. ಮಗಳು ಹೇಳಿದಾಳೆ. ನಾನು ಸದ್ದು ತೆಗೆದಿಟ್ಟು ಎಳೀತೀನಿ. ನಿನ್ನ ಕಡೆ ಕೂಡಿಬಂದ್ರೆ ಸಾಕು.”

ಹೀಗೆಂದು ನೀನು ಹೆಡ್‌ಫೋನನ್ನು ಕಿವಿಯಿಂದ ತೆಗೆದು ಮಂಚದ ಮೇಲಿಟ್ಟೆ. ಪಾಠ ಹೇಳಲು ಕೂತಂದಿನಿಂದ ನಾನು ಎಲ್ಲರಿಗೂ ಕೊಡುತ್ತಾ ಬಂದದ್ದನ್ನು ಮೊದಲ ಬಾರಿಗೆ ಒಬ್ಬರು ನನಗೆ ಕೊಟ್ಟರು. ನೀನು ಎಳೆದೆ, ನಾನು ಕೂಡಿಕೊಂಡೆ. ಮಹಡಿಯ ಈ ಕಿರುಕೋಣೆಯಲ್ಲಿ ಎರಡು ಪಿಟೀಲುಗಳಿದ್ದವು. ನಾನು ಮೇಲೆ ಹೋದೆ, ಇನ್ನೂ ಮೇಲೆ ಹೋದೆ, ಕೆಳಗೆ ನೆಲವಿತ್ತು. ನಡುವೆ ಎಲ್ಲೋ ನಾನು ಕುರ್ಚಿಯಲ್ಲಿ ಕುಳಿತಿರುವುದೇ ಮರೆತು, ನೀನು ಪಕ್ಕದಲ್ಲಿದ್ದೀಯೆಂದು ಮೊಣಕೈಯನ್ನು ಒಳಕ್ಕೆಳೆದುಕೊಂಡೆ, ನಿನಗೆ ತಾಗದಿರಲೆಂದು.

ಮುಗಿದ ಮೇಲೆ ಅಂಗಡಿಯವಳು ಕೇಳಿದಳು: “ನನಗೆ ಒಬ್ಬರ ಹಿಂದೆ ಒಬ್ಬರು ನಡ್ಕೊಂಡು ಬಂದ ಹಾಗೆ ಕೇಳ್ತು. ಮುಂದೆ ಅಣ್ಣ, ಹಿಂದೆ ತಮ್ಮ, ಅಲ್ವಾ?”

“ಅಲ್ಲಮ್ಮ” ಎಂದೆ. “ಇವತ್ತು ತಮ್ಮನೇ ಮುಂದೆ.”

ಇನ್ನೇನು ಬರೆಯಲಿ? ಅಂಗಡಿಯವಳು ಈಗ ನಿನ್ನ ಶಿಷ್ಯೆ, ನನ್ನಿಂದ ಕಸಿದುಕೊಂಡೆ. ಅವಳನ್ನು ಬೈಯುವಾಗ ಸ್ವಲ್ಪ ನಿಧಾನಿಸು, ಅಲ್ಲಿ ಅವಳಿಗೆ ದಿನವಿಡೀ ದುಡಿದು ದಣಿದ ಹೊತ್ತು. ನಿನ್ನ ಅತ್ತಿಗೆ ಗಡ್ಡವನ್ನು ತೆಗೆಸೆಂದು ಹೇಳಿದ್ದಾಳೆ. ಇರಲೆಂಬುದು ನನ್ನ ಇಚ್ಛೆ. ನಿನ್ನ ಎಡಗೈಗೆ ಬಲವನ್ನೂ, ಬಲಗೈಗೆ ವಿಶ್ರಾಂತಿಯನ್ನೂ, ಮನಸ್ಸಿಗೆ ಪ್ರಸನ್ನತೆಯನ್ನೂ ಆ ಕರುಣಾಳು ದಯಪಾಲಿಸಲಿ. ಮಕ್ಕಳ ತಲೆಗಳ ಮೇಲೆ ನನ್ನ ಕೈ ಇದೆಯೆಂದು ತಿಳಿಸು.

ಎಂದೆಂದಿಗೂ ನಿನ್ನ
ಅಣ್ಣ

ಹಿಂಬರಹ: ಮೇಲಿನದನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಇದನ್ನು ಓದಿ ಹೇಳಲಾರೆ. ನಿನ್ನ ಕೈ ಬಿದ್ದಾಗ ನೆಂಟರು, ಶಿಷ್ಯರು, ನೆರೆಹೊರೆಯವರು ನಿನ್ನ ಮಂಚದ ಸುತ್ತ ಕುಳಿತು ಮರುಗಿದರು, ಮರುಗಬೇಕಾದದ್ದೇ. ನನ್ನ ಎರಡು ಕೈಗಳೂ ನೆಟ್ಟಗಿದ್ದವಲ್ಲ, “ನಿನಗೇನಾಯಿತು?” ಎಂದು ನನ್ನನ್ನು ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ. ಪಾಠಕ್ಕೆಂದು ನುಡಿಸಿದ್ದನ್ನು ಬಿಟ್ಟರೆ ಅಂದಿನಿಂದ ನಾನು ಒಂದು ಸ್ವರವನ್ನೂ ಎಳೆದಿಲ್ಲ. ಬೆಳಗ್ಗೆ ಭಗವಂತನ ಮುಂದೆಯೂ ಇಲ್ಲ. ಬರಿದೆ ಕೈಮುಗಿದು ಎದ್ದುಬರುತ್ತೇನೆ. ಅಂದು ನೀನು ಹೆಡ್‌ಫೋನನ್ನು ತೆಗೆದಿಟ್ಟದ್ದು ನನಗೆ ಕೂಡಿಬರಲೆಂದೋ, ನನ್ನ ಪಿಟೀಲಿನ ಸದ್ದನ್ನು ಇನ್ನೂ ತಾಳಲಾರದೆಯೋ, ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಈಗಲೂ ಕೇಳುತ್ತಿಲ್ಲ, ಅದಕ್ಕೆ ಉತ್ತರ ಬರೆಯಬೇಡ. ಮುಂದಿನ ಪಾಠದಲ್ಲಿ ಅಂಗಡಿಯವಳು ಹೋದ ಮೇಲೆ ನಾನೊಬ್ಬನೇ ಒಂದಿಷ್ಟು ನುಡಿಸುತ್ತೇನೆ. ನೀನು ಏನೂ ನುಡಿಸಬೇಡ, ಬೇಕಾದರೆ ಫ್ಯಾನನ್ನೇ ತೋರಿಸು. ಎದ್ದುಹೋಗದೆ, ಮುಗಿಯುವತನಕ ಕೇಳುತ್ತಾ ಕೂರು.